ಕುಡಿತ ಬಿಟ್ಟೆ, ಆದರೆ ನನ್ನನ್ನು ಕ್ಷಮಿಸಿಕೊಳ್ಳಲು ಆಗುತ್ತಿಲ್ಲ

ಪ್ರಶ್ನೆ: ನನಗೆ 43 ವರ್ಷ. ಹದಿನೈದು ವರ್ಷ ಕುಡಿದೆ. ಕೊನೆಯ ಐದಾರು ವರ್ಷ ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತಿತ್ತು. ಕೆಲಸ ಹೋಯಿತು. ತಮ್ಮನಿಗೆ ಸುಳ್ಳು ಹೇಳಿ ದುಡ್ಡು ತೆಗೆದುಕೊಂಡೆ, ವಾಪಸ್ ಕೊಡಲಿಲ್ಲ. ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡ ರಾತ್ರಿ ನಾನು ಕುಡಿದು ಬಿದ್ದಿದ್ದೆ, ಫೋನ್ ಎತ್ತಲಿಲ್ಲ. ಚಿಕಿತ್ಸೆ ತೆಗೆದುಕೊಂಡು ಬಿಟ್ಟು ಹದಿನಾಲ್ಕು ತಿಂಗಳಾಯಿತು, ನಡುವೆ ಒಂದು ವಾರ ತಪ್ಪಿತು. 17 ವರ್ಷದ ಮಗಳು ನನ್ನ ಜೊತೆ ಮಾತಾಡುವುದಿಲ್ಲ. ಹೆಂಡತಿ ‘ಆಗಿದ್ದು ಆಯ್ತು ಬಿಡಿ’ ಅಂತಾಳೆ. ರಾತ್ರಿ ಮಲಗಿದರೆ ಎಲ್ಲಾ ಕಣ್ಣ ಮುಂದೆ ಬರುತ್ತದೆ. ನನ್ನನ್ನು ನಾನು ಕ್ಷಮಿಸಿಕೊಂಡರೆ ಅಪ್ಪನಿಗೆ ಮೋಸ ಮಾಡಿದ ಹಾಗೆ ಅನಿಸುತ್ತದೆ. ಕ್ಷಮಿಸಿಕೊಳ್ಳದಿದ್ದರೆ ಬದುಕೋಕೆ ಆಗ್ತಿಲ್ಲ. ಇನ್ನೊಂದು ವಿಷಯ. ಹೊಸ ಕಡೆ ಕೆಲಸಕ್ಕೆ ಕರೆದಿದ್ದಾರೆ. ಅಲ್ಲಿ ಹಳೇದೆಲ್ಲ ಹೇಳಬೇಕಾ?

ಉತ್ತರ: ಮೊದಲು ಒಂದು ವಿಷಯ ನೇರವಾಗಿ ಕೇಳುತ್ತೇನೆ. ‘ಬದುಕೋಕೆ ಆಗ್ತಿಲ್ಲ’ ಎಂದು ಬರೆದಿದ್ದೀರಿ. ಅದು ಬೇಸರದಲ್ಲಿ ಬಂದ ಮಾತೋ, ಸಾಯಬೇಕು ಅನ್ನುವ ಯೋಚನೆ ನಿಜವಾಗಿಯೂ ಬರುತ್ತಿದೆಯೋ? ಎರಡನೆಯದಾದರೆ ಈ ಉತ್ತರವನ್ನು ಆಮೇಲೆ ಓದಿ. ಇವತ್ತೇ ಹೆಂಡತಿಗೆ ಹೇಳಿ. ಇವತ್ತೇ ಮನೋವೈದ್ಯರನ್ನು ನೋಡಿ, ಇಲ್ಲವೇ ಸಹಾಯವಾಣಿಗೆ ಫೋನ್ ಮಾಡಿ. ಕುಡಿತದ ತೊಂದರೆ ಇದ್ದವರಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಜಾಸ್ತಿ. ಕುಡಿತ ಬಿಟ್ಟ ಮೇಲೂ ಖಿನ್ನತೆ ಉಳಿದುಕೊಂಡಿರಬಹುದು. ಅತಿಯಾದ ತಪ್ಪಿತಸ್ಥ ಭಾವ ಖಿನ್ನತೆಯ ಲಕ್ಷಣಗಳಲ್ಲೇ ಒಂದು. ಹಾಗಿರುವಾಗ ಕ್ಷಮೆಯ ಬಗ್ಗೆ ಎಷ್ಟು ಯೋಚಿಸಿದರೂ ದಾರಿ ಕಾಣುವುದಿಲ್ಲ. ಮೊದಲು ಖಿನ್ನತೆಗೆ ಚಿಕಿತ್ಸೆ ಆಗಬೇಕು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಸಾಯುವ ಯೋಚನೆ ಇಲ್ಲ ಅಂದರೂ ಒಮ್ಮೆ ತೋರಿಸಿಕೊಳ್ಳಿ. ಹದಿನಾಲ್ಕು ತಿಂಗಳಾದ ಮೇಲೂ ನಿದ್ದೆ ಇಲ್ಲ, ಮನಸ್ಸು ಕುಗ್ಗಿದೆ ಅಂದರೆ ಪರೀಕ್ಷೆ ಮಾಡಿಸಲೇಬೇಕು.

ಈಗ ಆ ಒಂದು ವಾರದ ವಿಷಯಕ್ಕೆ ಬರೋಣ. ಪತ್ರದಲ್ಲಿ ಅದನ್ನು ಅರ್ಧ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ. ನನಗೆ ಮಾತ್ರ ಇಡೀ ಪತ್ರದಲ್ಲಿ ಕಣ್ಣಿಗೆ ಬಿದ್ದದ್ದು ಅದೇ. ಒಂದು ವಾರ ಕುಡಿದವರು ನಿಲ್ಲಿಸಿದಿರಿ. ಹೇಗೆ ನಿಲ್ಲಿಸಿದಿರಿ? ಯಾರಿಗೆ ಹೇಳಿದಿರಿ? ಏನು ಕೆಲಸಕ್ಕೆ ಬಂತು? ಇದನ್ನು ನೀವು ಬರೆದಿಲ್ಲ, ಬಹುಶಃ ನಿಮ್ಮನ್ನು ನೀವೂ ಕೇಳಿಕೊಂಡಿಲ್ಲ. ‘ತಪ್ಪಿತು’ ಅನ್ನುವುದಷ್ಟೇ ನಿಮ್ಮ ಲೆಕ್ಕಕ್ಕೆ ಬಂದಿದೆ, ‘ನಿಂತಿತು’ ಅನ್ನುವುದು ಬಂದೇ ಇಲ್ಲ.

2000ದಲ್ಲಿ ಅಮೆರಿಕದ ಸಂಶೋಧಕ ಥಾಮಸ್ ಮೆಕ್‌ಲೆಲನ್ ಮತ್ತು ಅವರ ಜೊತೆಗಾರರು ಒಂದು ಹೋಲಿಕೆ ಮಾಡಿ ತೋರಿಸಿದರು. ಚಟಕ್ಕೆ ಚಿಕಿತ್ಸೆ ಪಡೆದವರಲ್ಲಿ ಶೇ 40ರಿಂದ 60ರಷ್ಟು ಜನ ಒಂದು ವರ್ಷದೊಳಗೆ ಮತ್ತೆ ಶುರು ಮಾಡುತ್ತಾರೆ. ಬಿಪಿ, ಅಸ್ತಮಾ ಇರುವವರಲ್ಲಿ ಕಾಯಿಲೆ ಮತ್ತೆ ಕೆದರುವುದು ಇದಕ್ಕಿಂತ ಕಡಿಮೆ ಏನಿಲ್ಲ. ಅಸ್ತಮಾ ಮರುಕಳಿಸಿದರೆ ರೋಗಿಯನ್ನು ಯಾರೂ ಬೈಯುವುದಿಲ್ಲ, ಔಷಧಿ ಬದಲಾಯಿಸುತ್ತಾರೆ. ಕುಡಿತ ಮರುಕಳಿಸಿದರೆ ಮಾತ್ರ ‘ಇವನ ಹಣೆಬರಹವೇ ಇಷ್ಟು’ ಅನ್ನುತ್ತೇವೆ. ರೋಗಿಯೂ ಅದನ್ನೇ ನಂಬುತ್ತಾನೆ.

ಹಾಗೆ ನಂಬುವುದೇ ಅಪಾಯ. ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ 1980ರ ದಶಕದಲ್ಲಿ ಇದನ್ನು ಚೆನ್ನಾಗಿ ವಿವರಿಸಿದ್ದರು. ಬಿಟ್ಟವನು ಒಂದು ದಿನ ಒಂದು ಗ್ಲಾಸ್ ಕುಡಿಯುತ್ತಾನೆ. ಮುಂದೆ ಏನಾಗುತ್ತದೆ ಅನ್ನುವುದು ಆ ಗ್ಲಾಸಿಗಿಂತ ಹೆಚ್ಚಾಗಿ, ಅದನ್ನು ಅವನು ಹೇಗೆ ಅರ್ಥ ಮಾಡಿಕೊಳ್ಳುತ್ತಾನೆ ಅನ್ನುವುದರ ಮೇಲೆ ನಿಂತಿದೆ. ‘ಮದುವೆ ಮನೆಗೆ ಒಬ್ಬನೇ ಹೋಗಬಾರದಿತ್ತು’ ಅಂದುಕೊಂಡವನು ನಿಲ್ಲಿಸಬಹುದು. ‘ನಾನು ಇಷ್ಟೇ, ನನಗೆ ಬೆನ್ನೆಲುಬೇ ಇಲ್ಲ’ ಅಂದುಕೊಂಡವನಿಗೆ ಆ ಸಂಕಟ ತಡೆಯಲಾಗದು. ಅದನ್ನು ಮರೆಯಲು ಅವನಿಗೆ ಗೊತ್ತಿರುವ ದಾರಿ ಒಂದೇ. ಹೇಗೂ ಹಾಳಾಯ್ತಲ್ಲ ಅಂತ ಬಾಟಲಿ ಮುಗಿಸುತ್ತಾನೆ.

ಇದರ ಮೇಲೆ ಒಂದು ಕುತೂಹಲದ ಅಧ್ಯಯನ ಇದೆ. 2013ರಲ್ಲಿ ಕೆನಡಾದ ಜೆಸ್ಸಿಕಾ ಟ್ರೇಸಿ ಮತ್ತು ಡೇನಿಯಲ್ ರ‍್ಯಾಂಡಲ್ಸ್ ಪ್ರಕಟಿಸಿದ್ದು. ಹೊಸದಾಗಿ ಕುಡಿತ ಬಿಟ್ಟವರನ್ನು ಕ್ಯಾಮೆರಾ ಮುಂದೆ ಕೂರಿಸಿ, ಕೊನೆಯ ಸಲ ಕುಡಿದು ನೊಂದುಕೊಂಡಿದ್ದು ಯಾವಾಗ, ಹೇಳಿ ಎಂದರು. ಹೇಳುವಾಗ ಯಾರ ಭುಜ ಕುಸಿಯಿತು, ಯಾರ ಎದೆ ಒಳಗೆ ಮುದುಡಿತು ಎಂದು ಗಮನಿಸಿದರು. ಕೆಲವು ತಿಂಗಳ ನಂತರ ನೋಡಿದರೆ, ನಾಚಿಕೆಯಿಂದ ಹೆಚ್ಚು ಮುದುಡಿದ್ದವರೇ ಹೆಚ್ಚಾಗಿ ಮತ್ತೆ ಕುಡಿತಕ್ಕೆ ಮರಳಿದ್ದರು, ಕುಡಿದ ಪ್ರಮಾಣವೂ ಜಾಸ್ತಿ ಇತ್ತು. ತಮ್ಮ ಬಗ್ಗೆ ಅಷ್ಟೊಂದು ಕೆಟ್ಟದಾಗಿ ಅನಿಸಿದ್ದು ಅವರನ್ನು ಕಾಪಾಡಲಿಲ್ಲ.

ನೀವು ನಿಮ್ಮನ್ನು ದ್ವೇಷಿಸಿಕೊಳ್ಳುತ್ತಿರುವುದು ಅಪ್ಪನಿಗೆ ಸಲ್ಲಿಸುವ ಗೌರವ ಎಂದುಕೊಂಡಿದ್ದೀರಿ, ಅಲ್ವಾ? ಕ್ಷಮಿಸಿಕೊಂಡರೆ ಆ ಗೌರವ ತಪ್ಪಿಹೋಗುತ್ತದೆ ಅನ್ನುವ ಭಯ. ನಾನು ಇದನ್ನು ಒಪ್ಪುವುದಿಲ್ಲ. ಕೊಂಚ ಕಟುವಾಗಿಯೇ ಹೇಳುತ್ತೇನೆ. ರಾತ್ರಿ ಹೊತ್ತು ನಿಮ್ಮನ್ನು ನೀವು ಬೈದುಕೊಳ್ಳುವುದರಿಂದ ಯಾರಿಗೆ ಏನು ಸಿಕ್ಕಿತು? ತಮ್ಮನಿಗೆ ದುಡ್ಡು ಸಿಗಲಿಲ್ಲ. ಮಗಳಿಗೆ ಅಪ್ಪ ಸಿಗಲಿಲ್ಲ. ಹೆಂಡತಿಗೆ ನೆಮ್ಮದಿ ಸಿಗಲಿಲ್ಲ. ಸಾಲಗಾರನೊಬ್ಬ ಕಂತು ಕಟ್ಟುವುದು ಬಿಟ್ಟು, ಸಾಲ ಕೊಟ್ಟವರ ಮನೆ ಮುಂದೆ ದಿನಾ ತಲೆ ಚಚ್ಚಿಕೊಂಡು ಹೋದ ಹಾಗೆ ಇದು. ನೋವೇನೋ ನಿಜ. ಸಾಲ ಮಾತ್ರ ಅಷ್ಟೇ ಇದೆ. ಕ್ರಮೇಣ ಆ ನೋವೇ ಒಂದು ನೆಪ ಆಗುತ್ತದೆ. ‘ನಾನು ಇಷ್ಟು ಅನುಭವಿಸುತ್ತಿದ್ದೇನಲ್ಲ’ ಅನ್ನುವ ಲೆಕ್ಕದಲ್ಲಿ, ಮಾಡಬೇಕಾದ ಕೆಲಸ ಹಿಂದೆ ಬೀಳುತ್ತದೆ.

ಹಾಗಂತ ‘ಬಿಟ್ಟಾಕಿ, ಎಲ್ಲಾ ಮರೆತುಬಿಡಿ’ ಎಂದು ನಾನೂ ಹೇಳಲಾರೆ. ನಿಮ್ಮ ಅಂಜಿಕೆಯಲ್ಲಿ ಅರ್ಥ ಇದೆ. ಕೆನಡಾದ ಮೈಕಲ್ ವೋಲ್ ಎಂಬ ಸಂಶೋಧಕರ ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. 2010ರದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿ, ಆಮೇಲೆ ತಮ್ಮನ್ನು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಅಲ್ಲಿ ಕ್ಷಮೆ ಒಳ್ಳೆಯದನ್ನೇ ಮಾಡಿತು. ಮರುವರ್ಷದ್ದು ಸಿಗರೇಟು ಸೇದುವವರ ಮೇಲೆ. ಸೇದುತ್ತಿರುವ ತಮ್ಮನ್ನು ತಾವೇ ಕ್ಷಮಿಸಿಕೊಂಡಿದ್ದವರಿಗೆ ಬಿಡುವ ಮನಸ್ಸು ಕಡಿಮೆ ಇತ್ತು. ಅಂದರೆ ತಪ್ಪು ನಡೆಯುತ್ತಿರುವಾಗಲೇ ಕೊಟ್ಟುಕೊಂಡ ಕ್ಷಮೆ ಆ ತಪ್ಪಿಗೆ ಹಾಸಿಗೆ ಹಾಸಿಕೊಡುತ್ತದೆ. ನೀವು ಈಗ ಆ ಜಾಗದಲ್ಲಿಲ್ಲ. ಕುಡಿತ ನಿಂತಿದೆ. ನಿಮ್ಮದು ಇನ್ನು ತೀರಿಸುವ ಹಂತ.

ಇಲ್ಲಿ ಎರಡು ಭಾವನೆಗಳನ್ನು ಬೇರೆ ಮಾಡಿಕೊಳ್ಳಬೇಕು. ‘ನಾನು ಮಾಡಿದ್ದು ಕೆಟ್ಟದ್ದು’ ಅನ್ನುವುದು ಒಂದು. ‘ನಾನೇ ಕೆಟ್ಟವನು’ ಅನ್ನುವುದು ಇನ್ನೊಂದು. ಜೂನ್ ಟ್ಯಾಂಗ್ನಿ ಎಂಬ ಮನಶ್ಶಾಸ್ತ್ರಜ್ಞೆ ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಜೈಲಿನಿಂದ ಬಿಡುಗಡೆಯಾದವರನ್ನು ಅನುಸರಿಸಿ ಅವರ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಭಾವನೆ ಹೆಚ್ಚಿದ್ದವರು ಮತ್ತೆ ಅಪರಾಧ ಮಾಡಿದ್ದು ಕಡಿಮೆ. ಎರಡನೆಯದು ಹೆಚ್ಚಿದ್ದವರಲ್ಲಿ ತಪ್ಪನ್ನು ಬೇರೆಯವರ ಮೇಲೆ ಹೊರಿಸುವ ಚಾಳಿ ಕಂಡುಬಂತು, ಹಾಗೆ ಹೊರಿಸಿದವರು ಮತ್ತೆ ಅದೇ ದಾರಿ ಹಿಡಿದರು. ಇದರಲ್ಲಿ ಆಶ್ಚರ್ಯ ಇಲ್ಲ. ಇಡೀ ಮನುಷ್ಯನೇ ಕೆಟ್ಟವನು ಅಂದಮೇಲೆ ರಿಪೇರಿ ಮಾಡಲು ಏನು ಉಳಿಯಿತು? ಸಹಿಸಲಾಗದೆ ಇನ್ನೊಬ್ಬರತ್ತ ಬೆರಳು ಮಾಡುತ್ತಾನೆ, ಇಲ್ಲವೇ ಕುಡಿಯುತ್ತಾನೆ.

ನಿಮ್ಮ ಪತ್ರದಲ್ಲಿ ಎರಡೂ ಕಲಸಿಕೊಂಡಿವೆ. ಬೇರೆ ಮಾಡಲು ನಾನು ಹೇಳುವ ದಾರಿ ಬರೆಯುವುದು. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ‘ಮನೆ ಹಾಳು ಮಾಡಿದೆ’, ‘ಎಲ್ಲರಿಗೂ ನೋವು ಕೊಟ್ಟೆ’ ಅಂತ ಬರೆಯಬೇಡಿ. ಅದು ಲೆಕ್ಕ ಆಗುವುದಿಲ್ಲ. ಯಾರಿಗೆ, ಯಾವಾಗ, ಏನು ಮಾಡಿದೆ, ಅದರಿಂದ ಅವರಿಗೆ ಏನಾಯಿತು, ಅಷ್ಟೇ ಬರೆಯಿರಿ. ‘ತಮ್ಮನಿಗೆ ಆಸ್ಪತ್ರೆ ಖರ್ಚು ಅಂತ ಸುಳ್ಳು ಹೇಳಿ ಇಷ್ಟು ಹಣ ತೆಗೆದುಕೊಂಡೆ. ಅವನು ಅದನ್ನು ಮನೆ ಕಟ್ಟಲು ಇಟ್ಟಿದ್ದ.’ ಹೀಗೆ. ವಿಶೇಷಣ ಬೇಡ. ‘ನೀಚ’, ‘ಪಾಪಿ’ ಅನ್ನುವ ಮಾತು ಬಂದರೆ ಹೊಡೆದು ಹಾಕಿ, ಏನು ಮಾಡಿದೆ ಅನ್ನುವುದನ್ನು ಬರೆಯಿರಿ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು, ಹಗಲು ಹೊತ್ತಿನಲ್ಲಿ. ಮನಸ್ಸಿನ ಭಾರವನ್ನು ಹೀಗೆ ಬರೆದು ಹೊರಹಾಕುವುದರ ಮೇಲೆ 1986ರಿಂದಲೇ ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞ ಸಂಶೋಧನೆ ಮಾಡಿದ್ದಾರೆ. ಅವರ ಪ್ರಯೋಗದಲ್ಲೂ ಹದಿನೈದು ನಿಮಿಷದಂತೆ ನಾಲ್ಕು ದಿನ ಮಾತ್ರ ಬರೆಸಿದ್ದು. ಬರೆದ ಕೂಡಲೇ ಹಗುರ ಆಗುತ್ತದೆ ಅಂದುಕೊಳ್ಳಬೇಡಿ. ಆ ದಿನ ಮನಸ್ಸು ಇನ್ನೂ ಭಾರ ಆಗಬಹುದು. ಹಾಗಾಗಿ ನಿಮ್ಮ ಆಪ್ತಸಮಾಲೋಚಕರಿಗೆ ಗೊತ್ತಿರುವ ಹಾಗೆ ಶುರು ಮಾಡಿ. ಬರೆದ ದಿನ ಸಂಜೆ ಒಬ್ಬರೇ ಇರಬೇಡಿ.

ಬರೆಯುವಾಗ ಒಂದು ತೊಡಕು ಬರುತ್ತದೆ. ಎಷ್ಟೋ ವಿಷಯ ನಿಮಗೆ ನೆನಪೇ ಇರುವುದಿಲ್ಲ. ತುಂಬಾ ಕುಡಿದಾಗ ಮಿದುಳಿನಲ್ಲಿ ನೆನಪು ದಾಖಲಾಗುವುದೇ ನಿಂತುಹೋಗುತ್ತದೆ. ಆ ಹೊತ್ತಿನಲ್ಲಿ ಮನುಷ್ಯ ಓಡಾಡುತ್ತಾನೆ, ಜಗಳ ಆಡುತ್ತಾನೆ, ಮಾರನೇ ದಿನ ಒಂದೂ ಗೊತ್ತಿರುವುದಿಲ್ಲ. ಹೋದ ನೆನಪು ಆಮೇಲೆ ಯಾವತ್ತೂ ಬರುವುದಿಲ್ಲ, ಯಾಕೆಂದರೆ ಅದು ಉಳಿದೇ ಇಲ್ಲ. ಆದರೆ ಎದುರಿಗಿದ್ದವರಿಗೆ ಪೂರ್ತಿ ನೆನಪಿದೆ. ನಿಮ್ಮ ಮಗಳಿಗೆ ಹತ್ತು ವರ್ಷ ಇದ್ದಾಗಿನ ಒಂದು ರಾತ್ರಿ ನಿಮಗೆ ಬರೀ ಖಾಲಿ ಇರಬಹುದು. ಅವಳಿಗೆ ಅದು ಬಾಲ್ಯದ ದೊಡ್ಡ ನೆನಪಾಗಿರಬಹುದು. ಮುಂದೊಂದು ದಿನ ಅವಳೋ ಹೆಂಡತಿಯೋ ಅಂಥದ್ದನ್ನು ಹೇಳಿದರೆ ‘ನಾನು ಹಾಗೆ ಮಾಡೋಕೆ ಸಾಧ್ಯವೇ ಇಲ್ಲ’ ಎಂದು ಮಾತ್ರ ಹೇಳಬೇಡಿ. ‘ನನಗೆ ನೆನಪಿಲ್ಲ, ಆದರೆ ನೀನು ಹೇಳೋದನ್ನ ನಂಬ್ತೀನಿ’ ಅನ್ನಿ. ಚಟದಿಂದ ಹೊರಬಂದ ಮನೆಗಳಲ್ಲಿ ಈ ಒಂದು ಮಾತು ಮಾಡುವ ಕೆಲಸವನ್ನು ನೂರು ಕ್ಷಮಾಪಣೆ ಮಾಡುವುದಿಲ್ಲ.

ನೀವು ಕೇಳದೇ ಇರುವ ಒಂದು ಪ್ರಶ್ನೆ ಈ ಪಟ್ಟಿ ಬರೆಯುವಾಗ ಖಂಡಿತ ಏಳುತ್ತದೆ. ಕುಡಿತ ಕಾಯಿಲೆ ಅಂತಾರಲ್ಲ, ಹಾಗಾದರೆ ಇದೆಲ್ಲ ನನ್ನ ತಪ್ಪೋ ಅಲ್ಲವೋ? ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಕುಡಿತದ ಚಟಕ್ಕೆ ಬೀಳುವ ಸಾಧ್ಯತೆಯಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಗಳದ್ದು. ವರ್ಷಗಟ್ಟಲೆ ಕುಡಿದಾಗ ಮಿದುಳಿನಲ್ಲಿ ಆಸೆ, ಖುಷಿಗೆ ಸಂಬಂಧಿಸಿದ ಡೋಪಮೈನ್ ವ್ಯವಸ್ಥೆ ಬದಲಾಗುತ್ತದೆ, ಬೇಡ ಅನ್ನುವ ಶಕ್ತಿಯೇ ಕುಗ್ಗುತ್ತದೆ. ಸುತ್ತಲಿನ ಪರಿಸರದ್ದೂ ದೊಡ್ಡ ಪಾಲು. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್ ಚಟಕ್ಕೆ ಬಿದ್ದಿದ್ದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ 1970ರ ದಶಕದಲ್ಲಿ ಹಿಂಬಾಲಿಸಿ ನೋಡಿದರು. ಊರಿಗೆ ಮರಳಿದ ಮೊದಲ ವರ್ಷದೊಳಗೆ ಮತ್ತೆ ಚಟಕ್ಕೆ ಬಿದ್ದವರು ಶೇ 5ರಷ್ಟು ಮಾತ್ರ. ಚಟ ಒಬ್ಬನ ಹುಟ್ಟುಗುಣ ಆಗಿದ್ದರೆ ಹೀಗೆ ಆಗುತ್ತಿರಲಿಲ್ಲ. ಹಾಗಾಗಿ ಚಟ ಅಂಟಿಕೊಂಡಿದ್ದಕ್ಕೆ ನಿಮ್ಮನ್ನು ನೀವು ಶಿಕ್ಷಿಸಿಕೊಳ್ಳುವುದರಲ್ಲಿ ಅರ್ಥ ಇಲ್ಲ. ಆದರೆ ತಮ್ಮನ ದುಡ್ಡು ತಮ್ಮನದೇ. ಕಾಯಿಲೆಯ ಮಾತು ಆ ಲೆಕ್ಕವನ್ನು ವಜಾ ಮಾಡುವುದಿಲ್ಲ. ಎರಡೂ ಒಟ್ಟಿಗೆ ನಿಜ ಆಗಿರಬಹುದು. ಯಾವುದಾದರೂ ಒಂದನ್ನೇ ಆರಿಸಿಕೊಳ್ಳಬೇಕು ಅನ್ನುವ ಒತ್ತಡ ಬೇಡ.

ಪಟ್ಟಿ ಆದಮೇಲೆ ತೀರಿಸುವ ಕೆಲಸ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು, 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್, ಜನ ಎಎ ಅನ್ನುತ್ತಾರಲ್ಲ, ಅದರ ಹನ್ನೆರಡು ಮೆಟ್ಟಿಲುಗಳಲ್ಲಿ ಎಂಟನೆಯದು ನೋವು ಕೊಟ್ಟವರ ಪಟ್ಟಿ ಮಾಡುವುದು, ಒಂಬತ್ತನೆಯದು ಅದನ್ನು ಸರಿಪಡಿಸುವುದು. ಒಂಬತ್ತನೆಯದರಲ್ಲಿ ಒಂದು ಷರತ್ತು ಇದೆ. ಸರಿಪಡಿಸಲು ಹೋಗಿ ಅವರಿಗೋ ಇನ್ನೊಬ್ಬರಿಗೋ ಮತ್ತೆ ನೋವಾಗುವುದಾದರೆ ಹೋಗಬೇಡಿ ಅಂತ. ಎಎಯ ಎಲ್ಲಾ ಮಾತನ್ನೂ ನಾನು ಒಪ್ಪುತ್ತೇನೆ ಅಂತಲ್ಲ, ಈ ಷರತ್ತನ್ನು ಮಾತ್ರ ಬಂಗಾರದ ಮಾತು ಅನ್ನುತ್ತೇನೆ. ತನ್ನ ಎದೆ ಹಗುರ ಮಾಡಿಕೊಳ್ಳಲು ಇನ್ನೊಬ್ಬರ ಎದೆಗೆ ಭಾರ ಹಾಕುವವರನ್ನು ಬೇಕಾದಷ್ಟು ನೋಡಿದ್ದೇನೆ.

ತಮ್ಮನ ವಿಷಯ ಎಲ್ಲಕ್ಕಿಂತ ಸುಲಭ, ಅಲ್ಲಿಂದಲೇ ಶುರು ಮಾಡಿ. ಅವನಿಗೆ ಭಾಷಣ ಬೇಡ. ಎಷ್ಟು ಹಣ ಅಂತ ಹೇಳಿ, ಸುಳ್ಳು ಹೇಳಿದ್ದನ್ನು ಒಪ್ಪಿಕೊಳ್ಳಿ, ತಿಂಗಳಿಗೆ ಎಷ್ಟು ಕೊಡಬಲ್ಲಿರಿ ಅನ್ನುವುದನ್ನು ಹೇಳಿ. ನಿಜಕ್ಕೂ ಕೊಡಲು ಆಗುವಷ್ಟನ್ನೇ ಹೇಳಿ. ಚಿಕ್ಕ ಮೊತ್ತವಾದರೂ ತಪ್ಪದೆ ಹೋಗಬೇಕು. ಕುಡಿಯುವವರ ದೊಡ್ಡ ದೊಡ್ಡ ಮಾತುಗಳನ್ನು ಮನೆಯವರು ಕೇಳಿ ಕೇಳಿ ಸುಸ್ತಾಗಿರುತ್ತಾರೆ. ಅವನು ‘ಇರಲಿ ಬಿಡೋ ಅಣ್ಣ’ ಅಂದರೂ ಕೊಡಿ.

ಅಪ್ಪನ ವಿಷಯ ಕಷ್ಟ. ತೀರಿಕೊಂಡವರ ಹತ್ತಿರ ಹೋಗಿ ಏನನ್ನೂ ಸರಿಪಡಿಸಲು ಆಗುವುದಿಲ್ಲ. ಆ ರಾತ್ರಿ ನೀವು ಅಲ್ಲಿ ಇರಲಿಲ್ಲ, ಅದು ಹಾಗೇ ಇರುತ್ತದೆ. ಅದನ್ನು ಚಿಕ್ಕದು ಮಾಡಲು ನನಗೂ ಮನಸ್ಸಿಲ್ಲ. ಆದರೆ ಒಂದು ವಿಷಯ ಗಮನಿಸಿ. ನೀವು ಅನುಭವಿಸುತ್ತಿರುವುದರಲ್ಲಿ ಎಷ್ಟು ಪಾಲು ತಪ್ಪಿತಸ್ಥ ಭಾವ, ಎಷ್ಟು ಪಾಲು ದುಃಖ? ಅಪ್ಪ ಹೋದಾಗ ನೀವು ಕುಡಿಯುತ್ತಿದ್ದಿರಿ. ಆಮೇಲೂ ಕುಡಿದಿರಿ. ಅಂದರೆ ಅಪ್ಪನಿಗಾಗಿ ನೀವು ಎಚ್ಚರದಲ್ಲಿ ಅತ್ತೇ ಇಲ್ಲ. ಕುಡಿತ ಬಿಟ್ಟಮೇಲೆ ಆ ಹಳೆಯ ದುಃಖ ಈಗ ಮೊದಲ ಸಲ ಬರುತ್ತಿರಬಹುದು, ಅದನ್ನು ನೀವು ಬೈಗುಳ ಮಾಡಿಕೊಂಡಿದ್ದೀರಿ. ಅಪ್ಪನಿಗೆ ಒಂದು ಪತ್ರ ಬರೆಯಿರಿ. ಫೋನ್ ಎತ್ತದ ರಾತ್ರಿಯ ಬಗ್ಗೆ ಬರೆಯಿರಿ, ಅದರ ಜೊತೆಗೆ ಅವರ ಬಗ್ಗೆಯೂ ಬರೆಯಿರಿ. ಅವರು ನಗುತ್ತಿದ್ದದ್ದು, ಗದರುತ್ತಿದ್ದದ್ದು, ನಿಮಗೆ ಕಲಿಸಿದ್ದು. ಆ ಒಂದು ರಾತ್ರಿ ಅವರ ಇಡೀ ಬದುಕನ್ನು ಮುಚ್ಚಿಹಾಕಿಬಿಟ್ಟಿದೆ. ಅದು ಅವರಿಗೂ ಅನ್ಯಾಯ.

ಪತ್ರವನ್ನು ಸಮಾಲೋಚಕರ ಮುಂದೆ, ಇಲ್ಲವೇ ತಮ್ಮನ ಮುಂದೆ ಗಟ್ಟಿಯಾಗಿ ಓದಿದರೆ ಇನ್ನೂ ಒಳ್ಳೆಯದು. ಆ ರಾತ್ರಿ ಆಸ್ಪತ್ರೆಯಲ್ಲಿ ಯಾರು ಇದ್ದರೋ ಅವರನ್ನು ‘ಏನಾಯ್ತು, ಹೇಗಿದ್ದರು’ ಎಂದು ಕೇಳಿ. ಬಹಳ ಜನ ಇದನ್ನು ಕೇಳಲು ಹೆದರುತ್ತಾರೆ. ಕೇಳದೇ ಇದ್ದಾಗ ಕಲ್ಪನೆ ಕಟ್ಟುವ ಚಿತ್ರ, ನಡೆದದ್ದಕ್ಕಿಂತ ಎಷ್ಟೋ ಸಲ ಭೀಕರವಾಗಿರುತ್ತದೆ. ಅಮ್ಮ ಇದ್ದರೆ, ಅಪ್ಪ ನೋಡಿಕೊಳ್ಳುತ್ತಿದ್ದ ಬೇರೆ ಯಾರಾದರೂ ಇದ್ದರೆ, ಅವರ ಆಸ್ಪತ್ರೆಯ ಓಡಾಟ ಇನ್ನು ನಿಮ್ಮದು. ಫೋನ್ ಬಂದರೆ ಎತ್ತುವವರು ನೀವು. ಇದು ಅಪ್ಪನಿಗೆ ಮೋಸ ಅಂತ ನನಗಂತೂ ಅನಿಸುವುದಿಲ್ಲ.

ಇನ್ನು ಮಗಳು. ದಯವಿಟ್ಟು ಅವಳ ಹತ್ತಿರ ಕ್ಷಮೆ ಕೇಳುವುದನ್ನು ಸದ್ಯಕ್ಕೆ ನಿಲ್ಲಿಸಿ. ಪದೇ ಪದೇ ಕೇಳುತ್ತಿದ್ದೀರಿ ಅಂತ ಅಂದಾಜು ಮಾಡುತ್ತಿದ್ದೇನೆ. ಕಣ್ಣೀರು ಹಾಕುವ ಅಪ್ಪನ ಮುಂದೆ ಕೂತ ಮಗುವಿಗೆ ಎರಡೇ ದಾರಿ. ಸುಳ್ಳು ಸಮಾಧಾನ ಹೇಳಬೇಕು, ಇಲ್ಲವೇ ಕಲ್ಲಾಗಬೇಕು. ಅವಳು ಎರಡನೆಯದನ್ನು ಆರಿಸಿಕೊಂಡಿದ್ದಾಳೆ. ಅದರಲ್ಲಿ ತಪ್ಪೇನಿದೆ? ನೀವು ಬದಲಾಗಿದ್ದೀರಿ ಅನ್ನುವುದು ನಿಮಗೆ ಹದಿನಾಲ್ಕು ತಿಂಗಳ ಸತ್ಯ. ಅವಳು ನೋಡಿದ್ದು ಕುಡಿಯುವ ಅಪ್ಪನನ್ನೇ ಜಾಸ್ತಿ, ನಡುವೆ ಮತ್ತೆ ಒಂದು ವಾರ. ನಂಬದೇ ಇರುವುದು ಅವಳ ಜಾಣತನ.

ಒಂದು ಸಲ, ಒಂದೇ ಸಲ, ಚುಟುಕಾಗಿ ಹೇಳಿ ಅಥವಾ ಚೀಟಿಯಲ್ಲಿ ಬರೆದು ಕೊಡಿ. ಏನು ಮಾಡಿದೆ ಅನ್ನುವುದನ್ನು ಹೆಸರಿಟ್ಟು ಹೇಳಿ. ‘ನೀನು ಕ್ಷಮಿಸಬೇಕು ಅಂತ ಇಲ್ಲ, ಮಾತಾಡಬೇಕು ಅನಿಸಿದಾಗ ನಾನು ಇರ್ತೀನಿ’ ಎಂದು ಮುಗಿಸಿ. ಆಮೇಲೆ ಸುಮ್ನೆ ಇರಿ. ಹೇಳಿದ ಹೊತ್ತಿಗೆ ಕರೆದುಕೊಂಡು ಬರಲು ಹೋಗುವುದು, ಫೀಸ್ ಕಟ್ಟುವ ದಿನ ಮರೆಯದಿರುವುದು, ಅವಳ ಗೆಳತಿಯರು ಬಂದಾಗ ಅವಳಿಗೆ ಮುಜುಗರ ಆಗದ ಹಾಗೆ ಇರುವುದು. ಬೇಜಾರಿನ ಕೆಲಸಗಳು ಇವು, ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಒಂದು ದಿನ ಅವಳು ಸಿಟ್ಟಿನಲ್ಲಿ ಎಲ್ಲಾ ಒದರಿಬಿಡಬಹುದು. ಅದು ಮಾತು ಶುರುವಾದ ಹಾಗೆ ಅಂತ ತಿಳಿಯಿರಿ, ಎದುರುತ್ತರ ಕೊಡಬೇಡಿ. ಅವಳು ಎಂದಿಗೂ ಕ್ಷಮಿಸದೇ ಇರಲೂಬಹುದು. ನಿಮ್ಮ ಕ್ಷಮೆ ಅವಳ ಕೈಯಲ್ಲಿ ಇದೆ ಅಂತ ಮಾಡಿಕೊಂಡರೆ, 17 ವರ್ಷದ ಹುಡುಗಿಯ ಮೇಲೆ ನಿಮ್ಮನ್ನು ಕುಡಿಯದಂತೆ ಇಡುವ ಜವಾಬ್ದಾರಿ ಹಾಕಿದ ಹಾಗಾಗುತ್ತದೆ.

ನಿಮ್ಮ ಹೆಂಡತಿ ‘ಆಗಿದ್ದು ಆಯ್ತು ಬಿಡಿ’ ಅನ್ನುತ್ತಾರೆ ಎಂದಿರಿ. ಅವರು ನಿಜವಾಗಿ ಬಿಟ್ಟಿರಬಹುದು, ಅಥವಾ ಕೆದಕಿದರೆ ನೀವು ಮತ್ತೆ ಕುಡಿಯುತ್ತೀರಿ ಎಂದು ಹೆದರಿ ಹೇಳುತ್ತಿರಬಹುದು. ಒಮ್ಮೆ ಅವರ ಕಡೆಯ ಕಥೆ ಕೇಳಿ, ಮಧ್ಯೆ ಬಾಯಿ ಹಾಕದೆ. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಗುಂಪುಗಳಿವೆ, 1951ರಿಂದ ನಡೆಯುತ್ತಿವೆ. ಹತ್ತಿರದಲ್ಲಿ ಇದ್ದರೆ ಅವರು ಹೋಗಬಹುದು. ಆಪ್ತಸಮಾಲೋಚಕರ ಹತ್ತಿರ ಅವರೂ ಹೋಗಬಹುದು. ಎಲ್ಲರೂ ನಿಮ್ಮ ಚಿಕಿತ್ಸೆಯ ಬಗ್ಗೆಯೇ ಕೇಳುತ್ತಾರೆ, ಅವರನ್ನು ಯಾರು ಕೇಳಿದ್ದಾರೆ?

ರಾತ್ರಿಯ ಕಾಟಕ್ಕೆ ಸ್ವಲ್ಪ ವ್ಯಾವಹಾರಿಕ ಮಾತು. ಕುಡಿತ ಬಿಟ್ಟವರಿಗೆ ನಿದ್ದೆ ಸರಿಹೋಗಲು ತಿಂಗಳುಗಳೇ ಬೇಕಾಗುತ್ತವೆ, ಕೆಲವರಿಗೆ ವರ್ಷದ ಮೇಲೂ. ನಿದ್ದೆಗೆಟ್ಟ ಮಿದುಳು ಹಳೇ ತಪ್ಪುಗಳನ್ನೇ ಹುಡುಕಿ ತರುತ್ತದೆ. ಇಪ್ಪತ್ತು ನಿಮಿಷ ಆದರೂ ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಎದ್ದು ಬೇರೆ ಕಡೆ ಕೂತುಕೊಳ್ಳಿ, ನಿದ್ದೆ ತೂಗಿದಾಗ ಮತ್ತೆ ಬನ್ನಿ. ಬೆಳಿಗ್ಗೆ ಏಳುವ ಹೊತ್ತು ದಿನಾ ಒಂದೇ ಇರಲಿ. ನೆನಪು ಬಂದರೆ ‘ಇದು ಪಟ್ಟಿಯಲ್ಲಿ ಇದೆಯಾ?’ ಎಂದು ಕೇಳಿಕೊಳ್ಳಿ. ಇದ್ದರೆ, ಅದರ ಕೆಲಸ ನಡೆಯುತ್ತಿದೆ. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಬರೆದರಾಯಿತು. ಮಧ್ಯರಾತ್ರಿ ವಿಚಾರಣೆ ಬೇಡ. ನಿದ್ದೆ ಮಾತ್ರೆಯನ್ನು ನೀವೇ ಅಂಗಡಿಯಿಂದ ತಂದು ನುಂಗಬೇಡಿ. ಅವುಗಳಲ್ಲಿ ಎಷ್ಟೋ ಮಾತ್ರೆಗಳಿಗೂ ಚಟ ಅಂಟುತ್ತದೆ, ಕುಡಿತ ಇದ್ದವರಿಗೆ ಇನ್ನೂ ಬೇಗ.

ಮತ್ತೆ ಜಾರಿದರೆ ಏನು ಮಾಡಬೇಕು ಅನ್ನುವುದನ್ನು ಈಗಲೇ ಬರೆದು ಹೆಂಡತಿಯ ಕೈಗೆ ಕೊಡಿ. ಮೊದಲ ಫೋನ್ ಯಾರಿಗೆ, ಎಲ್ಲಿಗೆ ಹೋಗಬೇಕು, ಆ ದಿನ ದುಡ್ಡು ಯಾರ ಹತ್ತಿರ ಇರಬೇಕು. ಕೆಲವು ದಿನ ಸತತ ಕುಡಿದುಬಿಟ್ಟರೆ ಮನೆಯಲ್ಲೇ ಹಠ ಹಿಡಿದು ಒಮ್ಮೆಲೇ ನಿಲ್ಲಿಸಬೇಡಿ. ನಿಮ್ಮಷ್ಟು ವರ್ಷ ಕುಡಿದವರಿಗೆ ನಿಲ್ಲಿಸಿದ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ತಲೆ ಕೆಟ್ಟು ಇಲ್ಲದ್ದೆಲ್ಲ ಕಾಣುವ ಸ್ಥಿತಿ ಬರಬಹುದು, ಅದು ಜೀವಕ್ಕೇ ಅಪಾಯ. ನೇರ ವೈದ್ಯರ ಹತ್ತಿರ ಹೋಗಿ. ಕುಡಿಯುವ ಆಸೆ ತಗ್ಗಿಸಲು ನಾಲ್‌ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್‌ನಂಥ ಔಷಧಿಗಳಿವೆ. ನಿಮಗೆ ಹೊಂದುತ್ತವೆಯೇ ಎಂದು ಕೇಳಿ. ಔಷಧಿ ತೆಗೆದುಕೊಂಡರೆ ಮನೋಬಲ ಇಲ್ಲದವನು ಅಂತ ಅಂದುಕೊಳ್ಳುವವರಿದ್ದಾರೆ, ಅಂಥವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಹಾಗಾದರೆ ಕ್ಷಮಿಸಿಕೊಳ್ಳುವುದು ಯಾವಾಗ ಅಂತೀರಾ? ಒಂದು ದಿನ ಕೂತು, ಕಣ್ಣು ಮುಚ್ಚಿ, ‘ಕ್ಷಮಿಸಿದ್ದೇನೆ’ ಎಂದು ಹೇಳಿಕೊಂಡು ಮುಗಿಸುವ ಕೆಲಸ ಅದಲ್ಲ. ಪಟ್ಟಿಯ ಒಂದೊಂದೇ ಬಾಬ್ತು ಕಡಿಮೆಯಾಗುತ್ತಾ ಹೋದ ಹಾಗೆ, ಬೈಗುಳಕ್ಕೆ ಕೆಲಸ ಇಲ್ಲದಂತಾಗುತ್ತದೆ. ಕೆಲವು ಬಾಬ್ತು ಎಂದಿಗೂ ತೀರುವುದಿಲ್ಲ. ಅಪ್ಪ ತೀರಿಕೊಂಡ ದಿನ ಬಂದಾಗ ಎದೆ ಹಿಂಡುತ್ತದೆ, ಹತ್ತು ವರ್ಷ ಆದಮೇಲೂ. ಆ ನೋವು ಇದ್ದುಕೊಂಡೇ ನೀವು ಕುಡಿಯದೆ ಮಲಗಿದರೆ, ನನ್ನ ಪ್ರಕಾರ ಅದೇ ಕ್ಷಮೆ.

ನಿಮ್ಮ ಕಥೆಯನ್ನು ನೀವು ಹೇಗೆ ಹೇಳಿಕೊಳ್ಳುತ್ತೀರಿ ಅನ್ನುವುದೂ ಮುಖ್ಯ. 1990ರ ದಶಕದಲ್ಲಿ ಶಾಡ್ ಮರೂನಾ ಎಂಬ ಸಂಶೋಧಕ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಅಪರಾಧದ ಹಿನ್ನೆಲೆಯವರನ್ನು ಮಾತಾಡಿಸಿದರು. ಅಪರಾಧದಲ್ಲೇ ಮುಂದುವರಿದವರ ಬದುಕಿನಲ್ಲೂ ಅದನ್ನು ಬಿಟ್ಟವರ ಬದುಕಿನಲ್ಲೂ ಕಷ್ಟಗಳು ಸುಮಾರು ಒಂದೇ ಥರ ಇದ್ದವು. ಮುಂದುವರಿದವರು ‘ನನ್ನ ಕಥೆ ಯಾವತ್ತೋ ಮುಗಿದುಹೋಗಿದೆ’ ಅನ್ನುವ ಧಾಟಿಯಲ್ಲಿ ಹೇಳಿದರು. ಬಿಟ್ಟವರು ಅದೇ ಕೆಟ್ಟ ದಿನಗಳಿಂದ ಯಾರಿಗಾದರೂ ಉಪಯೋಗ ಆಗುವ ಏನನ್ನೋ ಎತ್ತಿಕೊಂಡಿದ್ದರು. ಮೊದಲು ಹೇಳಿದ ಜೆಸ್ಸಿಕಾ ಟ್ರೇಸಿಯವರೇ ವಿಲಿಯಂ ಡನ್‌ಲಪ್ ಜೊತೆ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ಕೊನೆಯ ಕುಡಿತದ ಕಥೆಯನ್ನು ‘ಅಲ್ಲಿಂದ ನಾನು ಬದಲಾದೆ’ ಎಂದು ಹೇಳಿದವರು ಹೆಚ್ಚಾಗಿ ಕುಡಿಯದೆ ಉಳಿದರು. ಎಎ ಥರದ ಸಭೆಗಳಿಗೆ ಹೋಗುತ್ತಿದ್ದರೆ ಹೊಸದಾಗಿ ಬಂದ ಯಾರಾದರೂ ಒಬ್ಬರ ಪಕ್ಕ ಕೂತುಕೊಳ್ಳಿ. ಆ ತಪ್ಪಿದ ವಾರವನ್ನು ಹೇಗೆ ನಿಲ್ಲಿಸಿದಿರಿ ಅನ್ನುವುದು ಅವರಿಗೆ ಬೇಕಾಗಿರುತ್ತದೆ.

ಕೊನೆಗೆ ಕೆಲಸದ ವಿಷಯ. ಎಲ್ಲರಿಗೂ ಎಲ್ಲಾ ಹೇಳುವ ಸಾಲ ನಿಮ್ಮ ಮೇಲಿಲ್ಲ. ನಡುವೆ ಕೆಲಸ ಇಲ್ಲದ ಅವಧಿ ಯಾಕೆ ಎಂದು ಕೇಳಿದರೆ ‘ಆರೋಗ್ಯದ ತೊಂದರೆ ಇತ್ತು, ಚಿಕಿತ್ಸೆ ಆಯ್ತು, ಈಗ ಕೆಲಸಕ್ಕೆ ತಯಾರಿದ್ದೇನೆ’ ಅನ್ನಿ. ಇದು ಪೂರ್ತಿ ನಿಜ. ಹಳೇ ಕೆಲಸದ ತಾರೀಖು, ಅನುಭವದ ಬಗ್ಗೆ ಮಾತ್ರ ಸುಳ್ಳು ಬರೆಯಬೇಡಿ, ಸುಳ್ಳು ನಿಭಾಯಿಸುವ ಒತ್ತಡ ನಿಮಗೆ ಈಗ ಆಗದು. ವಾಹನ ಓಡಿಸುವ, ಯಂತ್ರ ನಡೆಸುವ ಕೆಲಸವಾದರೆ, ಅಥವಾ ಅರ್ಜಿಯಲ್ಲೇ ಆರೋಗ್ಯದ ಪ್ರಶ್ನೆ ಇದ್ದರೆ, ನಿಮ್ಮ ವೈದ್ಯರನ್ನು ಕೇಳಿಕೊಂಡು ನಿಜ ಬರೆಯಿರಿ. ಸೇರಿದ ಮೇಲೆ ಸಹೋದ್ಯೋಗಿಗಳು ಪಾರ್ಟಿಗೆ ಕರೆಯುತ್ತಾರೆ. ಮೊದಲ ಆರು ತಿಂಗಳು ಹೋಗದಿದ್ದರೆ ಏನೂ ನಷ್ಟ ಇಲ್ಲ. ಯಾಕೆ ಕುಡಿಯಲ್ಲ ಎಂದು ಯಾರಾದರೂ ಹಿಡಿದು ಕೇಳಿದರೆ ‘ಡಾಕ್ಟರ್ ಬೇಡ ಅಂದಿದ್ದಾರೆ’ ಅಂದರೆ ಸಾಕು.